ಮರಳ ತೀರದಲ್ಲಿ ಬಳಸುವ ಗಾಳದ ರೀಲಿನ ಶುಚಿ ಮತ್ತು ಆರೈಕೆ

ಮರಳ ತೀರದಲ್ಲಿ ನಿಂತು ಗಾಳ ಹಾಕುವವರ ರೀಲಿಗೆ (ಗಾಳದ ದಾರ ಸುತ್ತುವ ಸಾಧನಕ್ಕೆ) ಉಪ್ಪೂ ಮರಳೂ ಹಾನಿಕರವೇ, ಆದರೆ ಅವು ಕೆಡಿಸುವ ಬಗೆ ಬೇರೆ. ಉಪ್ಪು ಲೋಹದ ಮೇಲೆ ಕುಳಿತು ದಿನಗಟ್ಟಲೆ ತಿನ್ನುತ್ತದೆ; ಮರಳಾದರೋ ಹ್ಯಾಂಡಲ್ ತಿರುಗಿದ ಕ್ಷಣದಿಂದಲೇ ಸವೆಸಲು ತೊಡಗುತ್ತದೆ. ಬಹುತೇಕ ತೀರಗಳ ಮರಳಿನಲ್ಲಿರುವ ಕ್ವಾರ್ಟ್ಸ್ ಕಣಗಳ ಗಡಸುತನ ಮೋಸ್ ಮಾಪಕದಲ್ಲಿ 7. ಗೇರುಗಳಿಗೆ ಬಳಸುವ ಹಿತ್ತಾಳೆ, ಅಲ್ಯೂಮಿನಿಯಮ್‌ಗಳದು ಸುಮಾರು 3. ಹೀಗಾಗಿ ಗೇರಿನ ಹಲ್ಲುಗಳ ನಡುವೆ ಒಂದು ಕಣ ಸಿಕ್ಕಿದರೂ ಸವೆಯುವುದು ಗೇರೇ ಹೊರತು ಕಣವಲ್ಲ. ಮರಳಿಗೆ ಬಿದ್ದ ರೀಲನ್ನು ಎತ್ತಿದವರು ಸಾಮಾನ್ಯವಾಗಿ ಮೊದಲು ಹ್ಯಾಂಡಲ್ ತಿರುಗಿಸಿ ನೋಡುತ್ತಾರೆ. ಮಾಡಬಾರದ ಕೆಲಸ ಅದೇ. ಅಲೆಯಲ್ಲಿ ಅದ್ದಿ ತೆಗೆಯುವುದೂ ಸರಿಯಲ್ಲ, ಏಕೆಂದರೆ ದಡಕ್ಕೆ ಬರುವ ನೀರಿನಲ್ಲೇ ಮರಳು ತೇಲುತ್ತಿರುತ್ತದೆ. ಒಂದು ಬಾಟಲಿ ಸಿಹಿನೀರನ್ನು ಜೊತೆಗಿಟ್ಟುಕೊಂಡು, ಯಾವ ಭಾಗವನ್ನೂ ತಿರುಗಿಸದೆ, ಮೇಲಿನಿಂದ ಸುರಿದು ಮರಳನ್ನು ಇಳಿಸಬೇಕು.

ಮನೆಗೆ ಬಂದ ದಿನವೇ ರೀಲನ್ನು ತೊಳೆಯಬೇಕು. ಮೊದಲು ಡ್ರ್ಯಾಗ್ ಗುಂಡಿಯನ್ನು (ಮೀನು ಎಳೆದಾಗ ದಾರ ಎಷ್ಟು ಬಿಗಿಯಾಗಿ ಬಿಚ್ಚಬೇಕೆಂದು ಹೊಂದಿಸುವ ಗುಂಡಿಯನ್ನು) ಪೂರ್ತಿ ಬಿಗಿ ಮಾಡಿದರೆ ಅದರ ವಾಷರ್‌ಗಳ ನಡುವೆ ನೀರು ಸುಲಭವಾಗಿ ಇಳಿಯುವುದಿಲ್ಲ. ಬಳಿಕ ನಲ್ಲಿಯ ನೀರನ್ನು ಸಣ್ಣಗೆ ಬಿಟ್ಟು ಸ್ಪೂಲ್ (ದಾರ ಸುತ್ತಿರುವ ಉರುಳೆ), ದಾರವನ್ನು ಅದರ ಮೇಲೆ ಸುತ್ತಿಸುವ ತಂತಿಕಮಾನಾದ ಬೇಲ್‌ನ ಕೀಲುಗಳು, ಹ್ಯಾಂಡಲ್‌ನ ಬುಡ ಇವುಗಳ ಮೇಲೆ ಹರಿಯಗೊಡಬೇಕು. ಉಪ್ಪು ತಣ್ಣೀರಿನಲ್ಲೇ ಚೆನ್ನಾಗಿ ಕರಗುವುದರಿಂದ ಬಿಸಿನೀರು ಬೇಕಿಲ್ಲ. ಅದು ಗ್ರೀಸನ್ನು ಸಡಿಲಗೊಳಿಸುತ್ತದೆ. ಪೈಪಿನ ರಭಸದ ನೀರು ಬಿಟ್ಟರೆ ಹೊರಗಿದ್ದ ಮರಳು ಸೀಲುಗಳನ್ನು ದಾಟಿ ಒಳಗೇ ಸೇರುತ್ತದೆ. ಬಕೆಟಿನಲ್ಲಿ ಮುಳುಗಿಸಿಡುವುದನ್ನೂ ನಾನು ಒಪ್ಪುವುದಿಲ್ಲ. ಮರಳು ಪೂರ್ತಿ ಇಳಿಯುವ ಮುನ್ನ ಬಟ್ಟೆಯಿಂದ ಒರೆಸಿದರೆ ಹೊಳಪಿನ ಮೇಲೆ ಗೀರು ಬೀಳುವುದು ಖಚಿತ.

ಈಗ ಸ್ಪೂಲನ್ನು ಕಳಚಿ ಅದರ ಅಡಿಭಾಗವನ್ನು ನೋಡಬೇಕು. ನಡುದಂಡದ ಗ್ರೀಸಿಗೆ ಅಂಟಿದ ಮರಳು ಅಲ್ಲಿ ಕಪ್ಪು ಪಟ್ಟಿಯಂತೆ ಕಾಣುತ್ತದೆ, ಬೆರಳಿಗೆ ತರಿತರಿಯಾಗಿ ತಗಲುತ್ತದೆ. ಅದನ್ನು ನೀರಿನಿಂದ ತೊಳೆಯಲು ಹೋಗದೆ, ಹಳೆಯ ಗ್ರೀಸಿನ ಸಮೇತ ಹತ್ತಿಬಟ್ಟೆಯಲ್ಲಿ ಒರೆಸಿ ತೆಗೆದು ಹೊಸದನ್ನು ತೆಳುವಾಗಿ ಸವರಬೇಕು. ದಂಡದ ಮೇಲಿರುವ ತೆಳ್ಳನೆಯ ವಾಷರ್‌ಗಳು ಕೆಲವೊಮ್ಮೆ ಸ್ಪೂಲಿಗೆ ಅಂಟಿಕೊಂಡೇ ಹೊರಬರುವುದರಿಂದ ಅವು ಕಳೆಯದಂತೆ ಗಮನವಿರಲಿ.

ಅತಿ ಹೆಚ್ಚು ಕಾಳಜಿ ಬೇಡುವ ಭಾಗ, ನನ್ನ ಅಭಿಪ್ರಾಯದಲ್ಲಿ, ಬೇಲ್ ತುದಿಯ ಪುಟ್ಟ ಉರುಳೆಯಾದ ಲೈನ್ ರೋಲರ್. ಒದ್ದೆ ದಾರ ಹೊತ್ತು ತರುವ ಉಪ್ಪು, ಮರಳು ಎಲ್ಲವೂ ಇದರ ಮೇಲೆಯೇ ಹಾದುಹೋಗುತ್ತವೆ. ರೋಲರ್ ಸಿಕ್ಕಿಕೊಂಡರೆ ದಾರವು ಒಂದೇ ಜಾಗದಲ್ಲಿ ಉಜ್ಜಿ ತಾನೂ ಸವೆಯುತ್ತದೆ, ರೋಲರ್ ಮೇಲೂ ಗೆರೆ ಕೊರೆಯುತ್ತದೆ. ಪರೀಕ್ಷಿಸುವ ಬಗೆ ಸರಳ: ರೋಲರ್ ಮೇಲೆ ಸ್ಕೆಚ್ ಪೆನ್ನಿನಿಂದ ಒಂದು ಚುಕ್ಕೆಯಿಟ್ಟು, ದಾರವನ್ನು ತುಸು ಬಿಗಿಯಾಗಿ ಹಿಡಿದು ನಿಧಾನವಾಗಿ ಸುತ್ತುತ್ತಾ ಹೋದಾಗ ಚುಕ್ಕೆ ಸರಿಯುತ್ತಿದ್ದರೆ ರೋಲರ್ ತಿರುಗುತ್ತಿದೆ. ಚುಕ್ಕೆ ನಿಂತಲ್ಲೇ ನಿಂತಿದ್ದರೆ ಅದನ್ನು ಬಿಚ್ಚಿ, ಶುಚಿಗೊಳಿಸಿ, ಒಂದು ಹನಿ ಎಣ್ಣೆ ಬಿಡಬೇಕು.

ತೊಳೆದ ರೀಲನ್ನು ಮೆಲ್ಲಗೆ ಕೊಡವಿ, ಒರೆಸಿ, ನೆರಳಿನಲ್ಲಿ ಗಾಳಿಯಾಡುವಲ್ಲಿ ಒಣಗಿಸಬೇಕು. ಡ್ರ್ಯಾಗನ್ನು ಆಗ ಸಡಿಲಿಸುವುದನ್ನು ಮರೆಯಬಾರದು, ಇಲ್ಲವಾದರೆ ವಾಷರ್‌ಗಳು ಒತ್ತಡದಲ್ಲೇ ಉಳಿದು ಚಪ್ಪಟೆಯಾಗುತ್ತವೆ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು 75 ಪ್ರತಿಶತ ದಾಟಿದರೆ ಉಪ್ಪು ತೇವವನ್ನು ಹೀರಿ ತಾನೇ ನೀರಾಗುತ್ತದೆ. ಆದ್ದರಿಂದ ತೊಳೆಯದೆ ಒಣಗಿಸಿಟ್ಟ ರೀಲಿನಲ್ಲಿ, ಮೇಲೆ ಏನೂ ಕಾಣದಿದ್ದರೂ, ತುಕ್ಕಿನ ಕೆಲಸ ನಡೆದೇ ಇರುತ್ತದೆ.

ಬೇಗ ತಿರುಗುವ ಬೇರಿಂಗ್‌ಗಳಿಗೆ ತೆಳು ಎಣ್ಣೆ, ಭಾರ ಹೊರುವ ಗೇರುಗಳಿಗೆ ಗ್ರೀಸ್ ಎಂಬುದು ಸಾಮಾನ್ಯ ಕ್ರಮ. ಎಣ್ಣೆ ಒಂದೆರಡು ಹನಿ ಸಾಕು. ಹೊರಗೆ ಒಸರಿದ ಎಣ್ಣೆ ಮರಳನ್ನು ಹಿಡಿದಿಡುತ್ತದೆ. ಹಿಂದಕ್ಕೆ ತಿರುಗದಂತೆ ತಡೆಯುವ ಕ್ಲಚ್ ಬೇರಿಂಗ್‌ಗೆ ಮಾತ್ರ ಗ್ರೀಸ್ ತಗಲಬಾರದು, ತಗಲಿದರೆ ಅದು ಜಾರಿ ಹ್ಯಾಂಡಲ್ ಹಿಮ್ಮುಖ ತಿರುಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇಗಳು ಇದ್ದ ಗ್ರೀಸನ್ನೂ ಕರಗಿಸುವುದರಿಂದ ಅವನ್ನು ಎಣ್ಣೆಯ ಬದಲಿಗೆ ಬಳಸುವುದು ತಪ್ಪು. ಅಲ್ಯೂಮಿನಿಯಮ್ ಮೈಗೆ ಸ್ಟೀಲ್ ಸ್ಕ್ರೂ ಕೂಡಿದ ಕಡೆ ಉಪ್ಪುನೀರು ನಿಂತರೆ ಅಲ್ಯೂಮಿನಿಯಮ್ ಕೊರೆದುಹೋಗಿ ಸ್ಕ್ರೂ ಕಚ್ಚಿಕೊಳ್ಳುತ್ತದೆ. ಸ್ಕ್ರೂವಿನ ಸುರುಳಿ ಗೆರೆಗಳಿಗೆ ತುಸು ಗ್ರೀಸ್ ಸವರಿ ಕೂರಿಸಿದರೆ ಈ ತೊಂದರೆ ಬಹಳ ಕಡಿಮೆಯಾಗುತ್ತದೆ.

ಒಳಗಿನಿಂದ ಕರಕರ ಸದ್ದು ಬಂದರೆ ಮಾತ್ರ ಗೇರಿನ ಮುಚ್ಚಳ ತೆರೆಯುವುದು ಒಳ್ಳೆಯದು, ಆದರೆ ಆ ಸದ್ದು ಕೇಳಿದ ಮೇಲೆ ತಡ ಮಾಡಬಾರದು. ತಯಾರಕರು ತೆರೆಯಬಾರದೆಂದು ಸೂಚಿಸಿದ ಸೀಲ್ ಮಾಡಿದ ಮಾದರಿಗಳನ್ನು ದುರಸ್ತಿಗಾರರಿಗೇ ಕೊಡಬೇಕು. ಉಳಿದವುಗಳಲ್ಲಿ ಪ್ರತಿ ಹಂತದ ಫೋಟೊ ತೆಗೆದು, ಕಳಚಿದ ಭಾಗಗಳನ್ನು ಬಿಳಿ ಬಟ್ಟೆಯ ಮೇಲೆ ಅದೇ ಅನುಕ್ರಮದಲ್ಲಿ ಜೋಡಿಸುತ್ತಾ ಹೋಗಬೇಕು. ಹಳೆಯ ಗ್ರೀಸನ್ನು ಪೂರ್ತಿ ತೆಗೆದು, ಹಲ್ಲುಗಳ ಸಂದನ್ನು ಬ್ರಷ್‌ನಿಂದ ಶುಚಿಗೊಳಿಸಿ, ಹೊಸ ಗ್ರೀಸ್ ಹಚ್ಚಿ ಮರುಜೋಡಿಸಿದ ಬಳಿಕ ಹ್ಯಾಂಡಲನ್ನು ಕೈಯಾರೆ ನಿಧಾನವಾಗಿ ಕೆಲವು ಸುತ್ತು ತಿರುಗಿಸಬೇಕು. ಅದು ಎಲ್ಲಾದರೂ ತಡೆದರೆ ಬಲ ಹಾಕದೆ ಮುಚ್ಚಳವನ್ನು ಮತ್ತೆ ಬಿಚ್ಚಿ, ಉಳಿದಿರುವ ಕಣವನ್ನೋ ಸ್ಥಾನ ತಪ್ಪಿದ ವಾಷರನ್ನೋ ಹುಡುಕಬೇಕು.