ಮರಳು ಬಗ್ಗಿ: ಮೊದಲು ರಿಪೇರಿ, ಆಮೇಲೆ ಮಾರ್ಪಾಡು

ಮರಳಿನ ಮೇಲೆ ಓಡಿಸುವ ಹಗುರ ಗಾಡಿಯಾದ ಬಗ್ಗಿ, ಹಳೆಯದೊಂದು ಕೈಗೆ ಸಿಕ್ಕಿತೆಂದರೆ ದೊಡ್ಡ ಕಾರ್ಬ್ಯುರೇಟರ್, ಅಗಲದ ಟಯರು ಎಂದು ಮನಸ್ಸು ಓಡತೊಡಗುತ್ತದೆ. ಸ್ವಲ್ಪ ತಡೆಯಿರಿ. ಈ ಗಾಡಿಗಳು ಮೂಲೆ ಸೇರುವುದು ಶಕ್ತಿ ಸಾಲದೆ ಅಲ್ಲ, ಒಳಗೆ ನುಸುಳಿದ ಮರಳಿನಿಂದ. ಅದು ಎಲ್ಲೆಲ್ಲಿ ಹೊಕ್ಕಿದೆ ಎಂದು ಪತ್ತೆ ಮಾಡಿ ದಾರಿ ಮುಚ್ಚುವುದೇ ಮೊದಲ ಕೆಲಸ.

1964ರಲ್ಲಿ ಕ್ಯಾಲಿಫೋರ್ನಿಯಾದ ಬ್ರೂಸ್ ಮೇಯರ್ಸ್ ಫೋಕ್ಸ್‌ವ್ಯಾಗನ್ ಬೀಟಲ್‌ನ ಎಂಜಿನ್, ಗೇರ್‌ಬಾಕ್ಸ್ ಬಳಸಿ ಫೈಬರ್‌ಗ್ಲಾಸ್ ಬಾಡಿಯ ‘ಮೇಯರ್ಸ್ ಮ್ಯಾಂಕ್ಸ್’ ಕಟ್ಟಿದರು. ಎಂಜಿನ್ ಹಿಂದಿರುವುದರಿಂದ ಓಡಿಸುವ ಚಕ್ರಗಳ ಮೇಲೆಯೇ ಭಾರ ಬೀಳುತ್ತದೆ. ಗಾಳಿಯಿಂದ ತಣಿಯುವುದರಿಂದ ರೇಡಿಯೇಟರ್ ಬೇಕಿಲ್ಲ. ಇವತ್ತಿಗೂ ಎಷ್ಟೋ ಬಗ್ಗಿಗಳಲ್ಲಿ ಇರುವುದು ಅದೇ ಎಂಜಿನ್. ಇಲ್ಲಿ ಕೊಟ್ಟಿರುವ ಎಂಜಿನ್ ಅಳತೆಗಳೂ ಅದರ 1600 ಸಿಸಿ ಮಾದರಿಯವು. ನಿಮ್ಮದು ಬೇರೆಯಾದರೆ ಅದರ ಕೈಪಿಡಿಯನ್ನೇ ನಂಬಿ.

ಗಾಡಿ ತೊಳೆದು, ಬ್ಯಾಟರಿ ಕಳಚಿ, ನಾಲ್ಕೂ ಕಡೆ ಗಟ್ಟಿ ಸ್ಟ್ಯಾಂಡ್ ಕೊಟ್ಟು ಎತ್ತಿ ನಿಲ್ಲಿಸಿ. ಬರೀ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ಯಾವ ಕಾರಣಕ್ಕೂ ನುಸುಳಬೇಡಿ. ತೊಳೆಯುವಾಗ ಜೋರು ನೀರನ್ನು ಬೇರಿಂಗ್ ಸೀಲುಗಳ ಕಡೆಗೆ ಹಾಯಿಸಬಾರದು. ನೀರಿನ ಜೊತೆ ಮರಳೂ ಒಳಗೆ ಹೋಗುತ್ತದೆ.

ಚೌಕಟ್ಟು

ಬಿರುಕು ಸಾಮಾನ್ಯವಾಗಿ ಬೆಸುಗೆಯ ಅಂಚಿನಲ್ಲೇ ಶುರುವಾಗುತ್ತದೆ. ಶಾಕ್ ಅಬ್ಸಾರ್ಬರ್ ಕೂರುವ ಜಾಗ, ಗೇರ್‌ಬಾಕ್ಸ್ ಹಿಡಿಕೆ, ಮುಂದಿನ ಆಕ್ಸಲ್ ಸೇರುವಲ್ಲಿ ತಂತಿ ಬ್ರಷ್ಷಿನಿಂದ ಉಜ್ಜಿ ನೋಡಿ. ಬಣ್ಣದ ನಡುವೆ ಕೂದಲೆಳೆಯಷ್ಟು ತುಕ್ಕಿನ ಗೆರೆ ಕಂಡರೂ ಅನುಮಾನಿಸಿ. ಬಿರುಕಿನ ಎರಡೂ ತುದಿಗೆ 3 ಮಿ.ಮೀ. ತೂತು ಕೊರೆದರೆ ಅದು ಮುಂದೆ ಹಬ್ಬುವುದಿಲ್ಲ. ಆಮೇಲೆ ಗೆರೆಯುದ್ದಕ್ಕೂ ಗ್ರೈಂಡರಿನಿಂದ ಕಾಲುವೆ ತೆಗೆದು ವೆಲ್ಡ್ ಮಾಡಿ, ಮೇಲೆ ತ್ರಿಕೋನದ ಪಟ್ಟಿ ಕೊಡಿ. ವೆಲ್ಡಿಂಗ್‌ಗೆ ಮುಂಚೆ ಪೆಟ್ರೋಲ್ ಟ್ಯಾಂಕ್ ಬಿಚ್ಚಿ ದೂರ ಇಡಬೇಕು, ಆಲ್ಟರ್ನೇಟರ್ ವೈರುಗಳನ್ನೂ ಕಳಚಬೇಕು. ಸತು ಲೇಪಿಸಿದ ನೀರಿನ ಪೈಪು ಬಳಸಲೇಬೇಡಿ. ಅದರ ಹೊಗೆ ವಿಷ. ಇನ್ನು ತಲೆ ಕಾಯುವ ರೋಲ್ ಕೇಜ್. ನಿಮ್ಮ ಬೆಸುಗೆಯ ಬಗ್ಗೆ ನಿಮಗೇ ಪೂರ್ತಿ ಭರವಸೆ ಇಲ್ಲದಿದ್ದರೆ ಅದನ್ನು ಪಳಗಿದ ಕೈಗೆ ಕೊಡಿ. ಇದರಲ್ಲಿ ಉಳಿತಾಯ ನೋಡಬಾರದು.

ಮರಳಿನ ದಾರಿಗಳು

ಏರ್ ಫಿಲ್ಟರ್ ಬಿಚ್ಚಿ, ಅದರಿಂದ ಕಾರ್ಬ್ಯುರೇಟರಿಗೆ ಹೋಗುವ ಕೊಳವೆಯ ಒಳಗೆ ಬಿಳಿ ಬಟ್ಟೆ ಸುತ್ತಿದ ಬೆರಳನ್ನು ಆಡಿಸಿ. ಬಟ್ಟೆಗೆ ಕಂದು ಬಣ್ಣ ಹತ್ತಿ, ಉಜ್ಜಿದಾಗ ತರಿತರಿ ಎನಿಸಿದರೆ ಸೋಸದ ಗಾಳಿಯೇ ಎಂಜಿನ್ ಸೇರುತ್ತಿದೆ ಎಂದರ್ಥ. ಹೆಚ್ಚಿನ ಸಲ ತಪ್ಪು ಫಿಲ್ಟರಿನದಲ್ಲ. ಸಡಿಲವಾದ ಕ್ಲಾಂಪಿನದು, ಸೀಳಿದ ರಬ್ಬರಿನದು. ಫೋಮ್ ಫಿಲ್ಟರಾದರೆ ಸೋಪಿನ ನೀರಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿ, ಅದಕ್ಕೆಂದೇ ಇರುವ ಎಣ್ಣೆ ಹಚ್ಚಿ ಹಿಂಡಿ ಹಾಕಿ. ಎಣ್ಣೆ ಇಲ್ಲದ ಫೋಮ್ ನುಣ್ಣನೆಯ ಧೂಳನ್ನು ಹಿಡಿಯದು.

ಇದೇ ಪರೀಕ್ಷೆ ಹಿಂದಿನ ಆಕ್ಸಲಿನ ಸಿ.ವಿ. ಜಾಯಿಂಟಿಗೂ, ಅಂದರೆ ಚಕ್ರ ಮೇಲೆ ಕೆಳಗೆ ಆಡಿದರೂ ಅದನ್ನು ತಿರುಗಿಸುತ್ತಲೇ ಇರುವ ಕೀಲಿಗೂ, ಆಗುತ್ತದೆ. ಅದನ್ನು ಮುಚ್ಚುವ ರಬ್ಬರ್ ಬೂಟು ಹರಿದಿದ್ದರೆ ಒಳಗಿನ ಗ್ರೀಸನ್ನು ಎರಡು ಬೆರಳ ನಡುವೆ ಉಜ್ಜಿ. ತರಿ ಸಿಕ್ಕಿದರೆ ಮೇಲಿಂದ ಹೊಸ ಗ್ರೀಸು ತುಂಬಿ ಪ್ರಯೋಜನವಿಲ್ಲ, ಪೂರ್ತಿ ಬಿಚ್ಚಲೇಬೇಕು. ಸೀಮೆಎಣ್ಣೆಯಲ್ಲಿ ತೊಳೆದು ಗುಂಡುಗಳನ್ನೂ ಅವು ಉರುಳುವ ಕಾಲುವೆಗಳನ್ನೂ ಬೆಳಕಿಗೆ ಹಿಡಿದು ನೋಡಿ. ಗುಳಿ ಬಿದ್ದಿದ್ದರೆ ಜಾಯಿಂಟ್ ಬದಲಿಸಿ. ಇಲ್ಲವಾದರೆ ಮಾಲಿಬ್ಡಿನಮ್ ಗ್ರೀಸು ತುಂಬಿ ಹೊಸ ಬೂಟು ಹಾಕಿದರಾಯಿತು. ಚಕ್ರದ ಬೇರಿಂಗುಗಳನ್ನೂ ಹೀಗೆಯೇ ಪರೀಕ್ಷಿಸಿ.

ಎಂಜಿನ್

ಟ್ಯಾಪೆಟ್ ಸೆಟ್ಟಿಂಗ್, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ತೋಳಿನ ನಡುವಿನ ಸಂದು ಸರಿಪಡಿಸುವುದು, ಮಾಡುವಾಗ ಎಂಜಿನ್ ಪೂರ್ತಿ ತಣ್ಣಗಿರಬೇಕು. ಸಂದು 0.15 ಮಿ.ಮೀ. ಒಂದನೇ ಸಿಲಿಂಡರಿನಿಂದ ಶುರುಮಾಡಿ, ಪ್ರತಿ ಸಲ ಪುಲ್ಲಿಯನ್ನು ಅರ್ಧ ಸುತ್ತು ಹಿಮ್ಮುಖವಾಗಿ ತಿರುಗಿಸಿದರೆ ಎರಡು, ಮೂರು, ನಾಲ್ಕು ಎಂದು ಸರದಿಯಲ್ಲೇ ಸಿಗುತ್ತವೆ. ಆಯಿಲ್ ಬದಲಿಸುವುದು ಸುಲಭ: ಸುಮಾರು ಎರಡೂವರೆ ಲೀಟರ್ ಹಿಡಿಯುತ್ತದೆ. ಮೂಲ ಎಂಜಿನ್ನಿನಲ್ಲಿ ಕಾಗದದ ಫಿಲ್ಟರ್ ಇಲ್ಲ, ಜಾಲರಿ ಮಾತ್ರ. ಅದನ್ನು ತೆಗೆದು ತೊಳೆಯಿರಿ. ನೋಟ ಚೆನ್ನಾಗಿರುತ್ತದೆಂದು ಎಂಜಿನ್ ಸುತ್ತಲಿನ ತಗಡುಗಳನ್ನು ಕಿತ್ತುಹಾಕುವವರಿದ್ದಾರೆ. ಫ್ಯಾನಿನ ಗಾಳಿಯನ್ನು ಸಿಲಿಂಡರುಗಳತ್ತ ತಿರುಗಿಸುವುದೇ ಆ ತಗಡು. ಕಳೆದುಹೋಗಿದ್ದರೆ ಹುಡುಕಿ ತಂದು ಹಾಕಿ. ಗಟ್ಟಿಯಾದ, ಸೀಳಿದ ಪೆಟ್ರೋಲ್ ಪೈಪುಗಳನ್ನೆಲ್ಲ ಬದಲಿಸಿ, ಸೀಟಿನಿಂದ ಕೈಗೆಟಕುವಲ್ಲಿ ಅಗ್ನಿಶಾಮಕ ಸಿಲಿಂಡರ್ ಕೂರಿಸಿ.

ಈಗ ಮಾರ್ಪಾಡು

ಹಾಕಿದ ಹಣಕ್ಕೆ ಅತಿ ಹೆಚ್ಚು ಫಲ ಕೊಡುವುದು ಟಯರು. ಹಿಂದೆ ದೋಣಿಯ ಹುಟ್ಟಿನಂತೆ ಮರಳು ತಳ್ಳುವ ಪ್ಯಾಡಲ್ ಟಯರು, ಮುಂದೆ ನಡುವೆ ಉಬ್ಬುಗೆರೆ ಇರುವ ಟಯರು. ಮರಳಿನಲ್ಲಿ ಗಾಳಿ 10–12 ಪಿಎಸ್ಐಗೆ ಇಳಿಸಿ ನೋಡಿ, ಗಟ್ಟಿ ನೆಲಕ್ಕೆ ಬಂದಾಗ ಮತ್ತೆ ಏರಿಸಿ. ತೀರಾ ಇಳಿಸಿದರೆ ತಿರುವಿನಲ್ಲಿ ಟಯರು ರಿಮ್ಮಿನಿಂದ ಕಳಚಿಕೊಳ್ಳುತ್ತದೆ.

ಸಸ್ಪೆನ್ಷನ್ ಎತ್ತರಿಸುವುದಾದರೆ ಒಂದು ಪರೀಕ್ಷೆ ಬಿಡಬೇಡಿ. ಶಾಕ್ ಅಬ್ಸಾರ್ಬರ್ ಕಳಚಿ, ಚಕ್ರವನ್ನು ಹೊಸ ಶಾಕ್ ಬಿಡುವಷ್ಟು ಕೆಳಕ್ಕೆ ಇಳಿಬಿಟ್ಟು ಕೈಯಿಂದ ನಿಧಾನವಾಗಿ ತಿರುಗಿಸಿ. ಎಲ್ಲಾದರೂ ಸಿಕ್ಕಿಕೊಂಡಂತಾದರೆ ಸಿ.ವಿ. ಜಾಯಿಂಟಿನ ಕೋನ ಮಿತಿ ಮೀರಿದೆ. ಗಾಡಿ ನೆಗೆದಾಗ ಅದು ಮುರಿಯುವುದು ಅಲ್ಲೇ. ಆ ಮಟ್ಟಕ್ಕಿಂತ ತುಸು ಮೇಲೆಯೇ ಚಕ್ರ ನಿಲ್ಲುವಂತೆ ಗಟ್ಟಿ ಪಟ್ಟಿ ಬಿಗಿಯಿರಿ. ಎಂಜಿನ್ ಶಕ್ತಿ ಹೆಚ್ಚಿಸುವ ಮಾತು ಇದೆಲ್ಲ ಮುಗಿದ ಮೇಲೆ.

ಮೊದಲ ಓಟ ಹತ್ತು ನಿಮಿಷ, ನಿಧಾನವಾಗಿ, ಬೆಲ್ಟ್ ಹೆಲ್ಮೆಟ್ ಹಾಕಿಕೊಂಡೇ. ನಿಲ್ಲಿಸಿ ಎಣ್ಣೆ ಸೋರುತ್ತಿದೆಯೇ ನೋಡಿ, ಬಿಚ್ಚಿ ಹಾಕಿದ ಪ್ರತಿ ನಟ್ಟನ್ನೂ ಮತ್ತೊಮ್ಮೆ ಬಿಗಿಯಿರಿ. ಬೀಟಲ್ ಆಕ್ಸಲಾದರೆ ಹಿಂದಿನ ಚಕ್ರದ ದೊಡ್ಡ ನಟ್ಟಿಗೆ ಸುಮಾರು 294 ನ್ಯೂಟನ್ ಮೀಟರ್ ಬಿಗಿ ಬೇಕು. ನಟ್ಟು ಸಡಿಲವಾಗದಂತೆ ತಡೆಯುವ ಪಿನ್ನಿನ ತೂತು ನೇರಕ್ಕೆ ಬರದಿದ್ದರೆ ಇನ್ನಷ್ಟು ಬಿಗಿದು ಸೇರಿಸಿ, ಸಡಿಲಿಸಿ ಸೇರಿಸಬೇಡಿ.