ಸಂಘಗಳ ಬರ್ಸರಿಗೆ ಅರ್ಜಿ ಹಾಕುವುದು ಹೇಗೆ? ಕಣ್ಣೀರು ಬೇಡ, ಲೆಕ್ಕ ಕೊಡಿ

ಓದು ಚೆನ್ನಾಗಿದೆ, ಮನೆಯಲ್ಲಿ ಕಷ್ಟವೂ ನಿಜ, ಆದರೂ ಅರ್ಜಿ ವಾಪಸ್. ಇಂಥದ್ದನ್ನು ಬೇಕಾದಷ್ಟು ನೋಡಿದ್ದೇನೆ. ಎಡವಟ್ಟು ಆಗುವುದು ಹೆಚ್ಚಾಗಿ ಒಂದೇ ಪುಟದಲ್ಲಿ, 'ನಿಮಗೆ ಈ ನೆರವು ಯಾಕೆ ಬೇಕು?' ಅಂತ ಕೇಳುವ ಪುಟದಲ್ಲಿ. ಉಳಿದ ಫಾರಂ ಯಾರು ಬೇಕಾದರೂ ತುಂಬಬಹುದು. ಹಾಗಾಗಿ ಉಳಿದದ್ದನ್ನೆಲ್ಲ ಬೇಗ ಮುಗಿಸಿ ಆ ಪುಟದ ಹತ್ತಿರ ಸ್ವಲ್ಪ ಹೊತ್ತು ಕೂರೋಣ.

ನಾನು ಹೇಳುತ್ತಿರುವುದು ಫ್ರೀಮೇಸನ್ನರ ಲಾಡ್ಜ್‌ಗಳು (ಅಂದರೆ ಅವರ ಸ್ಥಳೀಯ ಶಾಖೆಗಳು), ಆಡ್‌ಫೆಲೋಸ್, ನೈಟ್ಸ್ ಆಫ್ ಕೊಲಂಬಸ್‌ನಂಥ ಸೋದರ ಸಂಘಗಳು ಮತ್ತು ರೋಟರಿ, ಲಯನ್ಸ್, ಸೊರಾಪ್ಟಿಮಿಸ್ಟ್‌ನಂಥ ಸೇವಾ ಕ್ಲಬ್‌ಗಳು ಕಾಲೇಜು ವಿದ್ಯಾರ್ಥಿಗಳಿಗೆ ಕೊಡುವ ಹಣದ ಬಗ್ಗೆ. ಮೆರಿಟ್ ಸ್ಕಾಲರ್‌ಶಿಪ್‌ನಲ್ಲಿ ಅಂಕ ಮೊದಲು. ಬರ್ಸರಿ ಅಂದರೆ ಕಷ್ಟದಲ್ಲಿರುವ ವಿದ್ಯಾರ್ಥಿಗೆ ಕೊಡುವ ನೆರವಿನ ಹಣ, ಅಲ್ಲಿ ಅಗತ್ಯ ಮೊದಲು. ಇದೊಂದು ತಲೆಯಲ್ಲಿದ್ದರೆ ಅರ್ಧ ಅರ್ಜಿ ಬರೆದಂತೆಯೇ.

ಹಂತ 1: ಈ ಹಣ ನಿಮಗೆ ಸಿಗುವಂಥದ್ದಾ ನೋಡಿ

ಇವುಗಳಲ್ಲಿ ಸೋದರ ಸಂಘಗಳು ಹುಟ್ಟಿದ್ದು ತಮ್ಮ ತಮ್ಮವರನ್ನು ನೋಡಿಕೊಳ್ಳಲು. ರೋಗಿಗಳನ್ನು ಹೋಗಿ ನೋಡಿ, ಕಷ್ಟದಲ್ಲಿರುವವರಿಗೆ ನೆರವಾಗಿ, ಸತ್ತವರನ್ನು ಮಣ್ಣು ಮಾಡಿ, ಅನಾಥರಿಗೆ ವಿದ್ಯೆ ಕೊಡಿ ಅನ್ನುವುದು ಆಡ್‌ಫೆಲೋಸ್ ಸಂಘದ ಹಳೆಯ ಕಟ್ಟಳೆ. ಇಂಗ್ಲೆಂಡಿನ ಫ್ರೀಮೇಸನ್ನರು 1788ರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಅದೂ ಕಷ್ಟಕ್ಕೆ ಸಿಕ್ಕಿದ ಸದಸ್ಯರ ಮಕ್ಕಳಿಗಾಗಿಯೇ. ಹೊರಗಿನವರಿಗೆ ಕೊಡುವ ರೂಢಿ ಬೆಳೆದದ್ದು ಆಮೇಲೆ.

ಹಾಗಾಗಿ ಇವತ್ತಿಗೂ ಒಂದೊಂದು ಸಂಘದ್ದು ಒಂದೊಂದು ನಿಯಮ. 1882ರಲ್ಲಿ ಶುರುವಾದ ನೈಟ್ಸ್ ಆಫ್ ಕೊಲಂಬಸ್‌ನ ಹಲವು ಸ್ಕಾಲರ್‌ಶಿಪ್‌ಗಳು ಸದಸ್ಯರಿಗೆ, ಅವರ ಮಕ್ಕಳಿಗೆ ಮಾತ್ರ. ರೋಟರಿ ಫೌಂಡೇಶನ್‌ದು ನೇರ ಉಲ್ಟಾ. ಅಲ್ಲಿ ಸದಸ್ಯರ ಮಕ್ಕಳು, ಮೊಮ್ಮಕ್ಕಳು ಅರ್ಜಿ ಹಾಕುವಂತೆಯೇ ಇಲ್ಲ. ಅಮೆರಿಕದ ಪಿ.ಇ.ಒ. ಅನ್ನುವ ಮಹಿಳಾ ಸಂಘವನ್ನು 1869ರಲ್ಲಿ ಏಳು ಜನ ವಿದ್ಯಾರ್ಥಿನಿಯರು ಕಟ್ಟಿದರು. 1907ರಿಂದ ಓದುವ ಹೆಣ್ಣುಮಕ್ಕಳಿಗೆ ಸಾಲ ಕೊಡುತ್ತಾ ಬಂದಿದ್ದಾರೆ. ಆದರೆ ಅಲ್ಲಿ ನೀವೇ ಹೋಗಿ ಕೇಳಿದರೆ ಆಗದು, ಅವರ ಯಾವುದಾದರೂ ಶಾಖೆ ನಿಮ್ಮ ಹೆಸರು ಸೂಚಿಸಬೇಕು.

ಇನ್ನೊಂದು ಬಗೆಯೂ ಇದೆ, ಇದು ಜನರಿಗೆ ಗೊತ್ತೇ ಇರುವುದಿಲ್ಲ. ಲಾಡ್ಜ್ ಹಣ ಕೊಟ್ಟು ಸುಮ್ಮನಿರುತ್ತದೆ, ಹಂಚುವುದು ವಿಶ್ವವಿದ್ಯಾಲಯ. ಅಲ್ಲಿ ಲಾಡ್ಜ್‌ಗೆ ಪತ್ರ ಬರೆದು ಪ್ರಯೋಜನವಿಲ್ಲ. ಹಾಗಾಗಿ ಎಲ್ಲಕ್ಕಿಂತ ಮೊದಲು ನಿಮ್ಮ ವಿಶ್ವವಿದ್ಯಾಲಯದ ವಿದ್ಯಾರ್ಥಿ ನೆರವು ವಿಭಾಗಕ್ಕೆ ಹೋಗಿ, ಸಂಘಗಳು ಕೊಟ್ಟ ಬರ್ಸರಿ ಯಾವುದಾದರೂ ಇದೆಯಾ ಅಂತ ಕೇಳಿ. ಆಮೇಲೆ ಗೂಗಲ್.

ಹಣ ಯಾವುದಕ್ಕೆ ಅನ್ನುವುದನ್ನೂ ಓದಿ. ರೋಟರಿಯ ಗ್ಲೋಬಲ್ ಗ್ರ್ಯಾಂಟ್ ಸ್ಕಾಲರ್‌ಶಿಪ್ ಕನಿಷ್ಠ 30,000 ಡಾಲರ್ ಅಂತ ಕೇಳಿದ ತಕ್ಷಣ ಎಲ್ಲರೂ ಅದರ ಹಿಂದೆ ಬೀಳುತ್ತಾರೆ. ಅದು ಹೊರದೇಶದಲ್ಲಿ ಪದವಿಯ ನಂತರದ ಓದಿಗೆ, ಅದೂ ಅವರು ಗುರುತಿಸಿದ ಕೆಲವು ಕ್ಷೇತ್ರಗಳಿಗೆ. ಮೊದಲ ವರ್ಷದ ಫೀಸಿಗೆ ಪರದಾಡುವವರು ನೋಡಬೇಕಾದದ್ದು ಸ್ಥಳೀಯ ಕ್ಲಬ್ ಮತ್ತು ಡಿಸ್ಟ್ರಿಕ್ಟ್ (ಹಲವು ಕ್ಲಬ್ ಸೇರಿದ ಗುಂಪು) ಮಟ್ಟದ ಸಣ್ಣ ನೆರವನ್ನು. ಅದೇ ಸೊರಾಪ್ಟಿಮಿಸ್ಟ್‌ನವರ 'ಲಿವ್ ಯುವರ್ ಡ್ರೀಮ್' ಅನ್ನುವ ನೆರವು ಇದೆಯಲ್ಲ, ಅದು ಮನೆಯ ಖರ್ಚಿನ ಮುಖ್ಯ ಹೊಣೆ ಹೊತ್ತು ಓದುವ ಹೆಂಗಸರಿಗೆ. ಆ ಹಣವನ್ನು ಮಗು ನೋಡಿಕೊಳ್ಳುವವರ ಖರ್ಚಿಗೂ ಓಡಾಟಕ್ಕೂ ಬಳಸಬಹುದು. ಅಂಥ ಕಡೆ ನಿಮ್ಮ ಡಿಸ್ಟಿಂಕ್ಷನ್‌ಗಿಂತ ನಿಮ್ಮ ಮನೆಯ ಜವಾಬ್ದಾರಿಗೆ ತೂಕ ಜಾಸ್ತಿ.

ಹಂತ 2: ಕಾರ್ಯದರ್ಶಿಗೆ ಬರೆಯಿರಿ

ಶಾಖೆಗಳ ವೆಬ್‌ಸೈಟ್ ನಂಬಬೇಡಿ. ಎಷ್ಟೋ ಕಡೆ ಹಳೆಯ ಫಾರಂ, ಮುಗಿದುಹೋದ ದಿನಾಂಕ ಹಾಗೇ ಕೂತಿರುತ್ತದೆ. ಕಾರ್ಯದರ್ಶಿಗೆ ನಾಲ್ಕು ಸಾಲು ಸಾಕು: ನಾನು ಇಂಥ ಕೋರ್ಸಿನ ಇಂಥ ವರ್ಷದಲ್ಲಿದ್ದೇನೆ, ನಿಮ್ಮ ಶಾಖೆ ಈ ವರ್ಷ ಬರ್ಸರಿ ಕೊಡುತ್ತಿದೆಯೇ, ಸದಸ್ಯರಲ್ಲದವರು ಅರ್ಜಿ ಹಾಕಬಹುದೇ, ಕೊನೆಯ ದಿನ ಯಾವುದು. ನಿಮ್ಮ ಕಥೆಯನ್ನು ಇಲ್ಲಿ ಬರೆಯಬೇಡಿ. ಉತ್ತರ ತಡವಾದರೆ ಬೇಜಾರಾಗಬೇಡಿ, ಇವರೆಲ್ಲ ಸಂಬಳವಿಲ್ಲದೆ ಈ ಕೆಲಸ ಮಾಡುವವರು.

ಇಲ್ಲೇ ಒಂದು ಮಾತು. ದುಡ್ಡು ತಗೊಂಡು 'ನಿಮಗೆ ಹೊಂದುವ ಸ್ಕಾಲರ್‌ಶಿಪ್ ಪಟ್ಟಿ' ಕೊಡುವ ಆ್ಯಪ್, ಏಜೆಂಟ್ ಯಾವುದೂ ಬೇಡ. ಆ ಪಟ್ಟಿಯಲ್ಲಿರುವುದು ಪುಕ್ಕಟೆಯಾಗಿ ಸಿಗುವ ಮಾಹಿತಿಯೇ, ಅರ್ಧ ಹಳಸಿರುತ್ತದೆ ಬೇರೆ. ಮತ್ತೆ, ಪ್ರೊಸೆಸಿಂಗ್ ಫೀಸ್ ಕಟ್ಟಿ ಅಂತ ಯಾರಾದರೂ ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ. ಕಷ್ಟದಲ್ಲಿರುವ ವಿದ್ಯಾರ್ಥಿಗೆ ಹಣ ಕೊಡಲು ಕೂತವರು ಅವನಿಂದಲೇ ಹಣ ಕೇಳುತ್ತಾರಾ?

ಹಂತ 3: ಕಾಗದಪತ್ರ

ಅಂಕಪಟ್ಟಿ, ಪ್ರವೇಶ ಪತ್ರ, ಆದಾಯದ ದಾಖಲೆ, ಫೀಸಿನ ವಿವರ. ಸ್ಕ್ಯಾನ್ ಮಾಡಿ ಒಂದೇ ಪಿಡಿಎಫ್ ಮಾಡಿಟ್ಟುಕೊಳ್ಳಿ, ಮುಗಿಯಿತು.

ಹಂತ 4: 'ಯಾಕೆ ಬೇಕು' ಅನ್ನುವ ಪುಟ

ಇಲ್ಲಿ ನಿಧಾನಿಸಿ. ಈ ಪುಟ ಓದುವವರು ಯಾರು ಅಂತ ಮೊದಲು ಯೋಚಿಸಿ. ಪ್ರೊಫೆಸರ್‌ಗಳಲ್ಲ. ಅಂಗಡಿ ನಡೆಸುವವರು, ನಿವೃತ್ತ ಎಂಜಿನಿಯರ್, ಲೆಕ್ಕ ನೋಡುವವರು, ಹೀಗೆ ಮೂರು ನಾಲ್ಕು ಜನ ಸಂಜೆ ಮೀಟಿಂಗ್ ಮುಗಿಸಿ ಅರ್ಜಿಗಳ ಕಟ್ಟು ಬಿಚ್ಚಿರುತ್ತಾರೆ. ಆ ಹಣ ಸದಸ್ಯರು ತಾವೇ ಸೇರಿಸಿದ್ದು. ಅವರ ತಲೆಯಲ್ಲಿರುವ ಪ್ರಶ್ನೆ ಒಂದೇ: ಈ ಹಣ ಕೊಟ್ಟರೆ ಏನು ಬದಲಾಗುತ್ತದೆ?

ಬರೆಯುವವರು ಇದಕ್ಕೆ ಉತ್ತರ ಕೊಡುವುದಿಲ್ಲ. ಒಂದೋ ಅಳುತ್ತಾರೆ, ಇಲ್ಲ ಕೊಚ್ಚಿಕೊಳ್ಳುತ್ತಾರೆ. ಅಳುವ ಅರ್ಜಿ ಹೀಗಿರುತ್ತದೆ: 'ನಾನು ಕಡುಬಡತನದಲ್ಲಿ ಹುಟ್ಟಿದವನು, ಚಿಕ್ಕಂದಿನಿಂದಲೂ ಕಷ್ಟಗಳನ್ನೇ ಕಂಡಿದ್ದೇನೆ, ತಾವು ದಯೆ ತೋರಿ ಕಾಪಾಡಬೇಕು.' ಇದರಲ್ಲಿ ಸುಳ್ಳೇನಿಲ್ಲ. ಆದರೆ ತಿಳಿಯುವುದೂ ಏನಿಲ್ಲ. ಕಟ್ಟಿನಲ್ಲಿರುವ ಮುಕ್ಕಾಲು ಅರ್ಜಿ ಇದನ್ನೇ ಹೇಳುತ್ತಿರುತ್ತದೆ. ಕೊಚ್ಚಿಕೊಳ್ಳುವವರದ್ದು ಇನ್ನೂ ಕೆಟ್ಟದ್ದು. ಡಿಬೇಟ್ ಬಹುಮಾನ, ಎನ್‌ಜಿಒ ಇಂಟರ್ನ್‌ಶಿಪ್, ನಾಯಕತ್ವದ ಗುಣ ಅಂತ ಪಟ್ಟಿ ಓದಿದರೆ, ಇವರಿಗೆ ಹಣ ಯಾಕೆ ಬೇಕು ಅಂತಲೇ ಅನುಮಾನ ಬರುತ್ತದೆ.

ಈಗ ಇದನ್ನು ನೋಡಿ:

'ಅಪ್ಪನಿಗೆ ಹೋದ ಜೂನ್‌ನಲ್ಲಿ ಬೆನ್ನಿನ ಆಪರೇಷನ್ ಆಯಿತು. ಆಮೇಲೆ ಅವರಿಗೆ ಲಾರಿ ಓಡಿಸಲು ಆಗಿಲ್ಲ. ಅಮ್ಮನ ಹೊಲಿಗೆಯ ಸಂಪಾದನೆ ಬಾಡಿಗೆಗೂ ಊಟಕ್ಕೂ ಸರಿಹೋಗುತ್ತದೆ. ನನ್ನ ಖರ್ಚಿಗಾಗಿ ವಾರಕ್ಕೆ 22 ಗಂಟೆ ಗೋದಾಮಿನಲ್ಲಿ ಕೆಲಸ ಮಾಡುತ್ತೇನೆ. ರಾತ್ರಿ ಪಾಳಿಯಿಂದಾಗಿ ಮೂರನೇ ಸೆಮಿಸ್ಟರ್‌ನಲ್ಲಿ ಎರಡು ಪೇಪರ್ ಬಾಕಿ ಉಳಿದಿವೆ. ಈ ನೆರವು ಸಿಕ್ಕರೆ ಕೆಲಸವನ್ನು 10 ಗಂಟೆಗೆ ಇಳಿಸಿ ಆ ಎರಡೂ ಪೇಪರ್ ಬರೆಯುತ್ತೇನೆ.'

ಅಳು ಇಲ್ಲ, ಜಂಭವೂ ಇಲ್ಲ. ಏನಾಯಿತು, ಯಾವಾಗ ಆಯಿತು, ಅದರಿಂದ ಈಗ ಏನು ತೊಂದರೆ, ಹಣ ಬಂದರೆ ಏನು ಮಾಡುತ್ತೇನೆ, ಇಷ್ಟೇ. ಫೇಲಾದದ್ದನ್ನೂ ಮುಚ್ಚಿಟ್ಟಿಲ್ಲ ನೋಡಿ. ಅಂಕಪಟ್ಟಿ ಹೇಗೂ ಅವರ ಕೈಯಲ್ಲಿರುತ್ತದೆ. ಕಾರಣ ನೀವು ಹೇಳದಿದ್ದರೆ ಅವರೇ ಒಂದು ಕಾರಣ ಊಹಿಸಿಕೊಳ್ಳುತ್ತಾರೆ, ಅದು ನಿಮ್ಮ ಪರವಾಗಿ ಇರುವುದಿಲ್ಲ.

ಹಾಗಂತ ಮನೆಯ ಗುಟ್ಟೆಲ್ಲ ಬಿಚ್ಚಿಡಬೇಕಾಗಿಲ್ಲ. ಹೊಡೆತ, ಕುಡಿತ, ಕಾಯಿಲೆ, ಇಂಥದ್ದನ್ನು ಅಪರಿಚಿತರ ಮುಂದೆ ವಿವರವಾಗಿ ಬರೆಯಲು ಮನಸ್ಸಿಲ್ಲದಿದ್ದರೆ 'ಮನೆಯ ಪರಿಸ್ಥಿತಿಯಿಂದಾಗಿ ಈ ವರ್ಷ ಬೇರೆ ವಾಸವಾಗಿದ್ದೇನೆ, ಕಾಲೇಜಿನ ಕೌನ್ಸೆಲರ್‌ಗೆ ವಿಷಯ ಗೊತ್ತಿದೆ, ಅವರ ಪತ್ರ ಲಗತ್ತಿಸಿದ್ದೇನೆ' ಅಂದರೆ ಸಾಕು. ನೆರವು ಕೇಳುವುದಕ್ಕೆ ಗಾಯ ತೋರಿಸಲೇಬೇಕು ಅಂತೇನಿಲ್ಲ.

ಈಗ ಲೆಕ್ಕ. ಫಾರಂನಲ್ಲಿ ಕೇಳದಿದ್ದರೂ ಕೊಡಿ ಅನ್ನುವುದು ನನ್ನ ಹಟ. ಒಂದು ಇಡೀ ಶೈಕ್ಷಣಿಕ ವರ್ಷದ ಖರ್ಚು ಎಡಗಡೆ, ಬರುವ ಹಣ ಬಲಗಡೆ, ಕೆಳಗೆ ಕೊರತೆ. ಖರ್ಚಿನಲ್ಲಿ ಫೀಸ್, ಬಾಡಿಗೆ, ಊಟ ಎಲ್ಲರಿಗೂ ನೆನಪಾಗುತ್ತದೆ. ಬಿಟ್ಟುಹೋಗುವುದು ಪರೀಕ್ಷಾ ಶುಲ್ಕ, ಲ್ಯಾಬ್ ಕೋಟು, ರೂಮಿನ ಅಡ್ವಾನ್ಸ್, ಪ್ರಾಜೆಕ್ಟ್ ಪ್ರಿಂಟಿಂಗ್, ಹಾಸ್ಟೆಲ್ ಮುಚ್ಚುವ ರಜೆಯ ತಿಂಗಳುಗಳ ವಾಸ. ಬಲಗಡೆಯಲ್ಲಿ ಮನೆಯಿಂದ ಬರುವುದು, ನಿಮ್ಮ ದುಡಿಮೆ, ಸಾಲ, ಬೇರೆ ಸ್ಕಾಲರ್‌ಶಿಪ್ ಎಲ್ಲ ಇರಲಿ. ಸಿಕ್ಕಿರುವ ಇನ್ನೊಂದು ನೆರವನ್ನು ಮುಚ್ಚಿಟ್ಟರೆ ಅದು ಗೊತ್ತಾಗದೆ ಇರುವುದಿಲ್ಲ. ಗೊತ್ತಾದ ದಿನ ಎರಡೂ ಹೋಗಬಹುದು.

ತಿಂಗಳ ಲೆಕ್ಕವನ್ನೂ ವರ್ಷದ ಲೆಕ್ಕವನ್ನೂ ಬೆರೆಸಿಬಿಡುವುದು ತೀರಾ ಮಾಮೂಲಿ ತಪ್ಪು. ಫೀಸ್ ವರ್ಷದ್ದು, ಬಾಡಿಗೆ ತಿಂಗಳದ್ದು, ಎರಡನ್ನೂ ಕೂಡಿಸಿ ಒಂದು ಮೊತ್ತ. ಹಣಕಾಸು ನೋಡುವ ಸದಸ್ಯರು ಅದನ್ನು ಕಂಡ ಮೇಲೆ ಮುಂದಕ್ಕೆ ಓದುವುದೇ ಕಷ್ಟ. ಎಲ್ಲವನ್ನೂ ಸಾವಿರಕ್ಕೆ ರೌಂಡ್ ಮಾಡುವುದೂ ಬೇಡ, ಊಹಿಸಿ ಬರೆದ ಹಾಗೆ ಕಾಣುತ್ತದೆ.

ಕೊರತೆ ಬರ್ಸರಿಯ ಮೊತ್ತಕ್ಕಿಂತ ದೊಡ್ಡದಾಗಿದ್ದರೆ, ಬಹಳ ಸಲ ಹಾಗೇ ಇರುತ್ತದೆ, ಉಳಿದದ್ದನ್ನು ಹೇಗೆ ಹೊಂದಿಸುತ್ತೀರಿ ಅಂತ ಒಂದು ಸಾಲು ಬರೆಯಿರಿ. ಇದನ್ನು ಬರೆಯುವವರು ಅಪರೂಪ. ಸಮಿತಿಗೆ ಇರುವ ದೊಡ್ಡ ಅಳುಕು ಏನು ಗೊತ್ತಾ? ಹಣವೂ ಹೋಗಿ, ಹುಡುಗನೂ ಮಧ್ಯದಲ್ಲೇ ಓದು ಬಿಡುವುದು. 'ಇನ್ನುಳಿದದ್ದಕ್ಕೆ ಬೇಸಿಗೆ ರಜೆಯ ಕೆಲಸ ಗೊತ್ತಾಗಿದೆ' ಅನ್ನುವ ಒಂದು ಸಾಲು ಆ ಅಳುಕನ್ನು ತೆಗೆಯುತ್ತದೆ.

ಸಂಘವನ್ನು ಹೊಗಳಬೇಕಾ? ಬೇಡ. ಅವರ ಇತಿಹಾಸ ಅವರಿಗೆ ಗೊತ್ತು. ಚಾಟ್‌ಜಿಪಿಟಿ ಕೈಲಿ ಬರೆಸುವುದೂ ಬೇಡ. ಕನಸು, ಸವಾಲು, ಸಬಲೀಕರಣ ಅಂತ ಎಲ್ಲರ ಅರ್ಜಿಯೂ ಒಂದೇ ಥರ ಬರುತ್ತದೆ, ಬೆನ್ನಿನ ಆಪರೇಷನ್, ಗೋದಾಮು, ರಾತ್ರಿ ಪಾಳಿ ಎಲ್ಲ ಮಾಯವಾಗುತ್ತದೆ. ಬೇಕಿದ್ದರೆ ಕಾಗುಣಿತ ತಿದ್ದಿಸಿಕೊಳ್ಳಿ. ಇನ್ನು ಒಂದೇ ಅರ್ಜಿಯನ್ನು ಹತ್ತು ಕಡೆ ಕಳಿಸುವವರು ಹೆಸರನ್ನಾದರೂ ಬದಲಾಯಿಸಿ ಮಾರಾಯ್ರೇ. ರೋಟರಿಗೆ ಹೋದ ಅರ್ಜಿಯಲ್ಲಿ 'ಮಾನ್ಯ ಲಯನ್ಸ್ ಬಂಧುಗಳೇ' ಅಂತಿದ್ದರೆ ಅವರು ನಗಬಹುದು, ಹಣ ಕೊಡುವುದಿಲ್ಲ.

ಹಂತ 5: ಶಿಫಾರಸು ಪತ್ರ

ಪ್ರಿನ್ಸಿಪಾಲರದ್ದೇ ಬೇಕು ಅಂತ ಓಡಬೇಡಿ. ನಿಮ್ಮ ಮುಖ ಗೊತ್ತಿರುವ ಲೆಕ್ಚರರ್ ಸಾಕು. ಅವರಿಗೆ ಎರಡು ವಾರ ಸಮಯ ಕೊಡಿ, ನಿಮ್ಮ 'ಯಾಕೆ ಬೇಕು' ಪುಟದ ಒಂದು ಪ್ರತಿಯನ್ನೂ ಕೊಡಿ. ಇಲ್ಲದಿದ್ದರೆ 'ಶಿಸ್ತಿನ ವಿದ್ಯಾರ್ಥಿ, ಉತ್ತಮ ನಡತೆ' ಅಂತ ಬರೆದುಕೊಟ್ಟು ಕೈತೊಳೆದುಕೊಳ್ಳುತ್ತಾರೆ.

ಹಂತ 6: ಮಾತುಕತೆಗೆ ಕರೆದರೆ

ಎಲ್ಲರೂ ಕರೆಯುವುದಿಲ್ಲ. ಕರೆದರೆ ನಿಮ್ಮ ಲೆಕ್ಕದ ಹಾಳೆ ಜೊತೆಗಿರಲಿ, ಪ್ರಶ್ನೆಗಳು ಅದರ ಸುತ್ತವೇ ಬರುತ್ತವೆ. ಲಾಡ್ಜ್ ಅಂದರೆ ಗುಟ್ಟಿನ ಆಚರಣೆ, ಹಣ ತಗೊಂಡರೆ ಸೇರಿಕೊಳ್ಳಬೇಕು ಅಂತ ಹೆದರುವವರಿದ್ದಾರೆ. ಸದಸ್ಯತ್ವ ಬೇರೆ, ದಾನ ಬೇರೆ. ಅನುಮಾನವಿದ್ದರೆ ನೇರವಾಗಿ ಕೇಳಿ, ಅದಕ್ಕೆ ಯಾರೂ ಸಿಟ್ಟಾಗುವುದಿಲ್ಲ. ಒಂದು ಸಭೆಗೆ ಬಂದು ನಿಮ್ಮ ಓದಿನ ಬಗ್ಗೆ ಹತ್ತು ನಿಮಿಷ ಮಾತಾಡಿ ಅಂತ ಕೇಳಬಹುದು. ಹೋಗಿ.

ಹಂತ 7: ಹಣ ಸಿಕ್ಕಿತು, ಈಗ?

ಸಹಿ ಹಾಕುವ ಮೊದಲು ವಿಶ್ವವಿದ್ಯಾಲಯದ ನೆರವು ವಿಭಾಗಕ್ಕೆ ಇನ್ನೊಮ್ಮೆ ಹೋಗಿ. ಕೆಲವು ವಿಶ್ವವಿದ್ಯಾಲಯಗಳು, ಮುಖ್ಯವಾಗಿ ಅಮೆರಿಕದಲ್ಲಿ, ಹೊರಗಿನಿಂದ ಬಂದಷ್ಟೇ ಹಣವನ್ನು ತಾವು ಕೊಡುತ್ತಿದ್ದ ನೆರವಿನಿಂದ ಕಡಿತ ಮಾಡುತ್ತವೆ. ಲಾಡ್ಜ್ ಕೊಟ್ಟಿತು, ವಿಶ್ವವಿದ್ಯಾಲಯ ಕಿತ್ತುಕೊಂಡಿತು, ನಿಮ್ಮ ಕೊರತೆ ಇದ್ದಲ್ಲೇ ಇದೆ. ಇದು ಎಷ್ಟು ಬೆಳೆಯಿತೆಂದರೆ ಮೇರಿಲ್ಯಾಂಡ್ ರಾಜ್ಯ 2017ರಲ್ಲಿ ತನ್ನ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಕಡಿವಾಣ ಹಾಕುವ ಕಾನೂನನ್ನೇ ತಂದಿತು. ಹಾಗಾಗಿ ಕೇಳಿ: ಈ ಹಣ ಬಂದರೆ ನನಗೆ ಬರುತ್ತಿರುವುದು ಕಡಿಮೆಯಾಗುತ್ತದೆಯೇ? ಆಗುತ್ತದೆ ಅಂದರೆ, ಗ್ರ್ಯಾಂಟ್ (ವಾಪಸ್ ಕೊಡಬೇಕಾಗಿಲ್ಲದ ಹಣ) ಬದಲು ಸಾಲದ ಭಾಗವನ್ನು ಕಡಿಮೆ ಮಾಡಿ ಅಂತ ಕೋರಿ. ಅದೂ ಆಗದಿದ್ದರೆ, ಹಣವನ್ನು ಮುಂದಿನ ವರ್ಷಕ್ಕೆ ಕೊಡಲು ಆಗುತ್ತದೆಯೇ ಅಂತ ಸಂಘವನ್ನು ಕೇಳಿ ನೋಡಿ.

ಬಹಳ ಕಡೆ ಚೆಕ್ ನಿಮ್ಮ ಹೆಸರಿಗೆ ಬರುವುದಿಲ್ಲ, ನೇರ ವಿಶ್ವವಿದ್ಯಾಲಯದ ಖಾತೆಗೆ ಹೋಗುತ್ತದೆ. ಬಾಡಿಗೆಗೆ ಅಂತ ಲೆಕ್ಕ ಹಾಕಿಕೊಂಡಿದ್ದರೆ ಅದನ್ನು ಮೊದಲೇ ತಿಳಿದುಕೊಳ್ಳಿ.

ಥ್ಯಾಂಕ್ಸ್ ಪತ್ರ ಒಂದು ವಾರದೊಳಗೆ ಹೋಗಲಿ. ಸೆಮಿಸ್ಟರ್ ಮುಗಿದ ಮೇಲೆ ಇನ್ನೊಂದು ಸಣ್ಣ ಪತ್ರ: ಬಾಕಿ ಪೇಪರ್ ಬರೆದೆ, ಇಷ್ಟು ಅಂಕ ಬಂತು. ಮುಂದಿನ ವರ್ಷಕ್ಕೂ ನೆರವು ಮುಂದುವರಿಸಬೇಕಾ ಅಂತ ಸಮಿತಿ ಕೂತಾಗ ಈ ಪತ್ರ ಅವರ ಫೈಲಿನಲ್ಲಿ ಇರಬೇಕು. ಸಿಗದೇ ಹೋದವರು ಕಾರ್ಯದರ್ಶಿಗೆ ಒಂದು ಸಾಲು ಬರೆದು, ಮುಂದಿನ ವರ್ಷ ಮತ್ತೆ ಹಾಕಬಹುದೇ, ಅರ್ಜಿಯಲ್ಲಿ ಏನು ಕಡಿಮೆಯಿತ್ತು ಅಂತ ಕೇಳಿ. ಕೆಲವರು ಹೇಳುತ್ತಾರೆ.