ಹುಳುಕಡ್ಡಿ ಅಧ್ಯಯನ: ಗುಣವಾಯಿತೆಂದು ಎಣಿಸುವ ದಿನ

ಔಷಧ ನಿಲ್ಲಿಸಿದ ದಿನವೇ ಲೆಕ್ಕ ಹಾಕಿದರೆ ಯಾವ ಔಷಧವೂ ಚೆನ್ನಾಗಿಯೇ ಕಾಣುತ್ತದೆ. ಸತ್ತ ಶಿಲೀಂಧ್ರದ ಎಳೆಗಳು ಚರ್ಮದ ಮೇಲ್ಪದರ ಉದುರುವ ತನಕ ಸ್ಲೈಡಿನಲ್ಲಿ ಇದ್ದೇ ಇರುತ್ತವೆ, ಹಾಗಾಗಿ ಅಂದಿನ ಪಾಸಿಟಿವ್ ಅನ್ನೂ ನಂಬುವಂತಿಲ್ಲ. ನಾನು ಲೆಕ್ಕವನ್ನು 8 ವಾರ ಮುಂದಕ್ಕೆ ಹಾಕಿದೆ. ತುರಿಕೆ ನಿಂತವರು ಯಾಕೆ ಬರುತ್ತಾರೆ ಎಂದು ಜೊತೆಯವರು ನಕ್ಕರು.

ಮೊದಲ ಸುತ್ತಿನಲ್ಲಿ ಅವರ ಮಾತೇ ಗೆದ್ದಿತು. ಹೆಚ್ಚುಕಮ್ಮಿ ಅರ್ಧ ಜನ ಬರಲಿಲ್ಲ. ಬಂದವರಲ್ಲಿ ರೋಗ ಮರುಕಳಿಸಿದವರೇ ಜಾಸ್ತಿ, ಅಂದರೆ ಫಲಿತಾಂಶ ಉಲ್ಟಾ ದಿಕ್ಕಿಗೆ ವಾಲಿತು. ಬಜೆಟ್‌ನ ಮೂರರಲ್ಲೊಂದು ಪಾಲನ್ನು ಕಲ್ಚರ್ (ಕೆರೆದ ಚರ್ಮದ ಹೊಟ್ಟಿನಿಂದ ಶಿಲೀಂಧ್ರ ಬೆಳೆಸಿ ನೋಡುವ ಪರೀಕ್ಷೆ) ನುಂಗುತ್ತಿತ್ತು. ಅದನ್ನು ಎಲ್ಲರಿಗೂ ಮೊದಲ ಭೇಟಿಯಲ್ಲಿ ಮಾತ್ರ ಇಟ್ಟು, 8ನೇ ವಾರ ಕೆಒಎಚ್ (ಹೊಟ್ಟನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ಎಳೆ ಹುಡುಕುವ ಪರೀಕ್ಷೆ) ಪಾಸಿಟಿವ್ ಬಂದವರಿಗಷ್ಟೇ ಮತ್ತೆ ಮಾಡಿದೆ. ಉಳಿದ ಹಣ ಪ್ರಯಾಣ ಭತ್ಯೆಗೆ ಹೋಯಿತು. ದೊಡ್ಡ ಮೊತ್ತವನ್ನು ಕೊನೆಯ ಭೇಟಿಗೆ ಇಡಲು ನೀತಿ ಸಮಿತಿ ಬಿಡಲಿಲ್ಲ, ಬಿಡಬಾರದು ಕೂಡ. ಪ್ರತಿ ಭೇಟಿಗೂ ಸಮನಾಗಿ ಹಂಚಿದೆ. ಎರಡನೇ ಸುತ್ತಿನಲ್ಲಿ ತಪ್ಪಿಸಿಕೊಂಡವರು ಬೆರಳೆಣಿಕೆಯಷ್ಟು.

ಆಮೇಲೆ ಎದುರಾದ ಪ್ರಶ್ನೆ: ಕಲೆಯೇ ಕಾಣದ ಚರ್ಮದಲ್ಲಿ ಎಲ್ಲಿ ಕೆರೆಯುವುದು? ಮೊದಲ ದಿನವೇ ಪಾರದರ್ಶಕ ಹಾಳೆ ಇಟ್ಟು ಅಂಚನ್ನು ಗೆರೆ ಎಳೆದುಕೊಳ್ಳಬೇಕು, ಹತ್ತಿರದ ಎರಡು ಮಚ್ಚೆಗಳನ್ನೋ ಮೂಳೆಯ ಉಬ್ಬುಗಳನ್ನೋ ಗುರುತು ಹಾಕಬೇಕು. ಒಂದೇ ಗುರುತಾದರೆ ಹಾಳೆ ತಿರುಗಿಬಿಡುತ್ತದೆ. 8ನೇ ವಾರ ಹಳೆಯ ಅಂಚಿನ ಎರಡು ಕಡೆ, ನಡುವೆ ಒಂದು ಕಡೆ ಕೆರೆತ. ಸ್ಪಿರಿಟ್ ಒರೆಸಿ, ಒಣಗಿದ ಮೇಲೆ 15ನೇ ನಂಬರ್ ಬ್ಲೇಡಿನ ಮೊಂಡು ಬದಿಯಿಂದ. ಹೊಟ್ಟು ಕಪ್ಪು ಕಾಗದದ ಮಡಿಕೆಗೆ. ಪ್ಲಾಸ್ಟಿಕ್ ಚೀಲ ಬೇಡ, ಹೊಟ್ಟು ಗೋಡೆಗೆ ಅಂಟಿಕೊಳ್ಳುತ್ತದೆ, ತೇವ ಕಟ್ಟಿ ಬೂಷ್ಟೂ ಬೆಳೆಯುತ್ತದೆ. ಸಣ್ಣ ಕೂದಲು ಸಿಕ್ಕರೆ ಅದನ್ನೂ ಕಿತ್ತು ಅದೇ ಮಡಿಕೆಗೆ ಹಾಕಿ, ಮರುಕಳಿಸುವ ರೋಗ ಅಲ್ಲೇ ಅಡಗಿರುವುದುಂಟು.

20% ಕೆಒಎಚ್‌ಗೆ 40% ಡಿಎಂಎಸ್‌ಒ (ಹೊಟ್ಟಿನೊಳಕ್ಕೆ ಬೇಗ ಇಳಿಯುವ ದ್ರಾವಕ) ಸೇರಿಸಿದ ಮೇಲೆ ಕಾಯಿಸುವ ಗೋಜು ತಪ್ಪಿತು. ಕಾಯಿಸುವಾಗ ಕುದಿ ಬಂದರೆ ಹರಳು ಮೂಡಿ ಇಡೀ ಸ್ಲೈಡ್ ಹಾಳು. ಬಾಟಲಿಯ ಮುಚ್ಚಳ ಸಡಿಲವಿದ್ದರೆ ದ್ರಾವಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಬಲ ಕಳೆದುಕೊಳ್ಳುತ್ತದೆ. ಹೊಸಬರು ಕೋಶಗಳ ಅಂಚಿನ ಜಾಲವನ್ನು ಎಳೆಯೆಂದು ಓದುತ್ತಾರೆ; ನಿಜವಾದ ಎಳೆ ಕೋಶದ ಗಡಿಗಳನ್ನು ದಾಟಿ ಹೋಗುತ್ತದೆ. ಯಾರ ಸ್ಲೈಡ್ ಎಂದು ಗೊತ್ತಿಲ್ಲದ ಇಬ್ಬರು ಓದಬೇಕು.

ನಡುವೆ ಕಲ್ಚರ್‌ಗೆ ಡಿಟಿಎಂ (ಹುಳುಕಡ್ಡಿಯ ಶಿಲೀಂಧ್ರ ಬೆಳೆದರೆ ಕೆಂಪಾಗುವ ಮಾಧ್ಯಮ) ಕೂಡ ಪರೀಕ್ಷಿಸಿದೆ. ಬೇಗ ಕೆಂಪಾಗುತ್ತದೆ, ನಿಜ. ಆದರೆ ಎರಡು ವಾರ ದಾಟಿಸಿ ನೋಡಿದರೆ ಮಾಲಿನ್ಯದ ಬೂಷ್ಟೂ ಕೆಂಪು ಮಾಡಿಟ್ಟಿರುತ್ತದೆ. ಮತ್ತೆ ಬೇಡದ ಬೂಷ್ಟು, ಬ್ಯಾಕ್ಟೀರಿಯಾ ತಡೆಯುವ ಸೈಕ್ಲೋಹೆಕ್ಸಿಮೈಡ್, ಕ್ಲೋರಾಂಫೆನಿಕಾಲ್ ಹಾಕಿದ, ಶಿಲೀಂಧ್ರ ಬೆಳೆಸುವ ಸಾಬುರೊ ಅಗಾರ್‌ಗೇ ಮರಳಿದೆ: ಒಬ್ಬರಿಗೆ ಎರಡು ಟ್ಯೂಬ್, 4 ವಾರ ಕಾಯುವುದು.

ಡಿಎಲ್‌ಕ್ಯೂಐ (ಚರ್ಮರೋಗ ಬದುಕಿಗೆ ಕೊಡುವ ತೊಂದರೆ ಅಳೆಯುವ ಪ್ರಶ್ನಾವಳಿ; ಅಂಕ ಹೆಚ್ಚಿದಷ್ಟೂ ತೊಂದರೆ ಹೆಚ್ಚು) ಅಂಕವನ್ನು ಗುಣದ ಲೆಕ್ಕದೊಳಗೆ ಬೆರೆಸಲಿಲ್ಲ. ಅದು ಕಳೆದ ಒಂದು ವಾರದ ತೊಂದರೆಯನ್ನಷ್ಟೇ ಕೇಳುತ್ತದೆ. ಸೊಂಟದಲ್ಲಿ ಕಾಸಿನಗಲ ಮರುಕಳಿಸಿದವರು 30ಕ್ಕೆ 1 ಕೊಟ್ಟು ಹೋಗುತ್ತಾರೆ.